ಸಂಜೆಯ ಊಟಕ್ಕೆ ಕೂಡಿಟ್ಟವನು

ಜಯಪಾಲನ ಮನೆಗೆ ಹೋಗಬೇಕೆಂದರೆ ಮೊದಲು ಫೋನು ಮಾಡಿ, ಮನೆ ಈಗ ಯಾವ ಊರಲ್ಲಿದೆ ಎಂದು ಕೇಳಬೇಕಾಗುತ್ತಿತ್ತು.

"ಇವತ್ತ ರಾಯಬಾಗದಾಗ ಐತಿ. ನಾಳೆ ಏಕಸಂಬಿಗೆ ಬರತೈತಿ. ನಾಡದ ನಿನ್ನ ಅಂಗಡಿ ಮುಂದ," ಎನ್ನುತ್ತಿದ್ದ, ಮನೆಯೆಂದರೆ ಮೇಯಲು ಬಿಟ್ಟ ದನ ಎಂಬಂತೆ.

ಅವನ ಮನೆ ಒಂದು ಬಿಳಿ ಓಮ್ನಿ ವ್ಯಾನು. ಏಳು ವರ್ಷ ಅದರಲ್ಲಿ ಬದುಕಿದ. ಗತಿಯಿಲ್ಲದೆ ಅಲ್ಲ, ಬೇಕೆಂದೇ. ಕಳೆದ ಮಾಘದಲ್ಲಿ ತೀರಿಕೊಂಡ; ನಲವತ್ತು ತುಂಬಿರಲಿಲ್ಲ. ಚಿಕ್ಕೋಡಿಯಲ್ಲಿ ನಿಪ್ಪಾಣಿ ರಸ್ತೆಗೆ ಬ್ಯಾಟರಿ ಅಂಗಡಿ ಇಟ್ಟಿರುವ ಅವನ ಗೆಳೆಯ ವಿರುಪಾಕ್ಷಪ್ಪ, ಇವತ್ತಿಗೂ ಯಾವುದಾದರೂ ಬಿಳಿ ಓಮ್ನಿ ಅಂಗಡಿಯ ಮುಂದೆ ವೇಗ ತಗ್ಗಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾನೆ. ಗಾಡಿ ಮುಂದೆ ಹೋಗುತ್ತದೆ. ಎದ್ದದ್ದಕ್ಕೊಂದು ಕಾರಣ ಬೇಕಲ್ಲ ಎಂದು ಕೊಡದ ನೀರು ಕುಡಿದು ಮತ್ತೆ ಕೂರುತ್ತಾನೆ.

ಇಬ್ಬರೂ ಐಟಿಐಯಲ್ಲಿ ಒಂದೇ ಬೆಂಚಿನವರು. ಕಲಿತು ಮುಗಿದ ಮೇಲೆ ವಿರುಪಾಕ್ಷಪ್ಪ ಬ್ಯಾಟರಿ ಹಿಡಿದ, ಬೇಡಕಿಹಾಳದ ಜಯಪಾಲ ಹಾಲಿನ ಯಂತ್ರ ಹಿಡಿದ. ಈ ಕಡೆ ಊರಿಗೆ ಒಂದಲ್ಲ, ಎರಡು ಮೂರು ಡೇರಿ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಹಾಲಿನಲ್ಲಿ ಕೊಬ್ಬೆಷ್ಟು ಎಂದು ಯಂತ್ರ ಹೇಳುತ್ತದೆ, ಅದು ಹೇಳಿದಷ್ಟೇ ದರ. ಎಲ್ಲರ ಬಾಯಲ್ಲಿ ಅದು ಫ್ಯಾಟ್ ಮಶಿನ್. ಅದು ಕೆಟ್ಟರೆ ಊರು ಕೆಟ್ಟಂತೆ. "ಹಂಗಾರ ನನ್ನ ಎಮ್ಮಿ ನೀರ ಕೊಡತೈತೇನ?" ಎಂದು ಒಬ್ಬಾಕೆ ಸೊಂಟಕ್ಕೆ ಕೈ ಇಟ್ಟಳೆಂದರೆ ಅವತ್ತಿನ ಹಾಲು ಅಲ್ಲೇ ಒಡೆಯುತ್ತದೆ. ಆ ಯಂತ್ರ ಮಾರಿದ ಕಂಪನಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇಷ್ಟೂ ತಾಲೂಕಿಗೆ ಜಯಪಾಲನೊಬ್ಬನೇ ದುರಸ್ತಿಯವನು. ಯಂತ್ರ ಕೆಡುವುದು ಹಾಲು ಬರುವ ಹೊತ್ತಿಗೇ. ಹಾಗಾಗಿ ನಸುಕಿನಲ್ಲೂ ಸಂಜೆಯಲ್ಲೂ ಅವನು ಯಾವುದಾದರೊಂದು ಡೇರಿಯಲ್ಲಿ ಇರಲೇಬೇಕಾಗಿತ್ತು.

ಚಿಕ್ಕೋಡಿಯಲ್ಲಿ ಅವನಿಗೊಂದು ಬಾಡಿಗೆ ಕೋಣೆಯಿತ್ತು. ತಿಂಗಳಿಗೆ ನಾಲ್ಕು ರಾತ್ರಿ ಅಲ್ಲಿ ಮಲಗಿದರೆ ಹೆಚ್ಚು.

"ನಾ ಇರಾಕ ಬಾಡಿಗಿ ಕೊಡಾಕತ್ತಿಲ್ಲಲೇ ವಿರುಪಾಕ್ಷ," ಎಂದು ಒಮ್ಮೆ ಹೇಳಿದ. "ನನ್ನ ಬೀಗ ಇರಾಕ ಕೊಡಾಕತ್ತೀನಿ."

ಆ ವರ್ಷ ಬೇಡಕಿಹಾಳದಲ್ಲಿ ಜೈನ ಮುನಿ ಮಹಾರಾಜರೊಬ್ಬರ ಚಾತುರ್ಮಾಸವಿತ್ತು. ಲಿಂಗಾಯತರ ಹುಡುಗ ವಿರುಪಾಕ್ಷಪ್ಪನೂ ಗೆಳೆಯನ ಜೊತೆ ಹೋಗಿ ಬಸದಿಯ ಚಪ್ಪರದ ಕೊನೆಯಲ್ಲಿ ಕೂತಿದ್ದ. ಪ್ರವಚನ ಮುಗಿದ ಮೇಲೆ ಒಬ್ಬೊಬ್ಬರಾಗಿ ಮುಂದೆ ಹೋಗಿ ಏನಾದರೊಂದು ಬಿಡುವ ನಿಯಮ ತೆಗೆದುಕೊಳ್ಳುವುದು ರೂಢಿ. ಒಬ್ಬಾಕೆ ದೀಪಾವಳಿಯವರೆಗೆ ಸೊಪ್ಪು ಬಿಟ್ಟಳು. ಮುದುಕರೊಬ್ಬರು ಒಂದು ವರ್ಷ ಚಹಾ ಬಿಟ್ಟರು, ಅವರ ಸೊಸೆ ಹಿಂದಿನಿಂದ ನಿಟ್ಟುಸಿರು ಬಿಟ್ಟಳು. ಜಯಪಾಲನ ಸರದಿ ಬಂತು.

"ನೀ ಏನ ಬಿಡ್ತೀಪಾ?" ಮಹಾರಾಜರು ಕೇಳಿದರು.

ಜಯಪಾಲನಿಗೆ ಬಿಡಲಿಕ್ಕೆ ಏನೂ ಇರಲಿಲ್ಲ. ಗುಟಕಾ ಇಲ್ಲ, ಶೋಕಿಯಿಲ್ಲ. ಬಟಾಟೆ ಗಜ್ಜರಿ ಹುಟ್ಟಿದಾಗಿನಿಂದ ಮುಟ್ಟಿದವನಲ್ಲ. "ಬಾಡಿಗಿ ಮನಿ ಬಿಡ್ತೀನ್ರಿ ಮಹಾರಾಜ," ಎಂದ.

ಚಪ್ಪರವೆಲ್ಲ ನಕ್ಕಿತು. ಮಹಾರಾಜರು ನಗಲಿಲ್ಲ. ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿ, ಮುಂದಿನವನ ಕಡೆ ತಿರುಗಿದರು.

ಹೊರಗೆ ಚಪ್ಪಲಿ ಹುಡುಕುತ್ತಿದ್ದವನ ತೋಳನ್ನು ಕುಸುಮತ್ತೆ ಹಿಡಿದಳು. ತಂದೆಯ ತಂಗಿ, ತಂದೆ ತಾಯಿ ಹೋದ ಮೇಲೆ ಅವನಿಗೆ ಹಿರಿಯರೆಂದರೆ ಅವಳೇ.

"ಮುದ್ದತ ಹೇಳಿದೇನೋ?"

"ಎಂಥಾ ಮುದ್ದತ ಅತ್ತಿ?"

"ದೀಪಾವಳಿತನಕ, ವರ್ಷತನಕ ಅಂತ ಹೇಳಬೇಕೋ ಹುಚ್ಚಪ್ಪ. ಮುದ್ದತ ಹೇಳಲಿಲ್ಲಂದ್ರ ಅದು ಜೀವ ಇರೂತನಕ. ಹೋತ ನೋಡ, ಇನ್ನ ಕಟ್ಟಿ ಮ್ಯಾಲೆ ಮಲಕ್ಕೋ."

"ಒಳಗ ಹೋಗಿ ತಿದ್ದಿಸಿಕೊಂಡ ಬಾ," ಎಂದು ವಿರುಪಾಕ್ಷಪ್ಪ ಚೇಷ್ಟೆ ಮಾಡಿದ.

"ಕೊಟ್ಟ ಮಾತೇನ ಫ್ಯಾಟ್ ಮಶಿನ್ನೇನಲೇ, ಮ್ಯಾಲೆ ಕೆಳಗ ಮಾಡಾಕ?" ಎಂದು ಜಯಪಾಲ ಚಪ್ಪಲಿ ಮೆಟ್ಟಿದ.

ಆ ತಿಂಗಳ ಕೊನೆಗೆ ಕೋಣೆ ಬಿಟ್ಟ. ಕಂಪನಿಯ ಕೆಲಸಕ್ಕೆಂದು ಕೊಂಡಿದ್ದ ಹಳೆಯ ಓಮ್ನಿಯನ್ನು ವಿರುಪಾಕ್ಷಪ್ಪನ ಅಂಗಡಿ ಮುಂದೆ ತಂದು ನಿಲ್ಲಿಸಿ, "ಇದನ್ನ ಮನಿ ಮಾಡು," ಎಂದ.

ವಿರುಪಾಕ್ಷಪ್ಪ ಈಗ ನೆನೆದರೆ, ತಾನು ಕೈಯಾರೆ ಕಟ್ಟಿದ ಮನೆ ಅದೊಂದೇ. ಅಂಗಡಿಯ ಮೇಲಿನ ಮಾಳಿಗೆಯನ್ನು ಗೌಂಡಿ ಕಟ್ಟಿದ. ಇದನ್ನು ಇಬ್ಬರೂ ಸೇರಿ ಕಟ್ಟಿದರು. ಹಿಂದಿನ ಸೀಟು ಕಿತ್ತರು. ಪ್ಲೈವುಡ್ಡಿನ ಹಲಗೆ ಹಾಕಿ, ಅದರ ಕೆಳಗೆ ಯಂತ್ರದ ಸಾಮಾನು, ಮೇಲೆ ಹಾಸಿಗೆ. ವಿರುಪಾಕ್ಷಪ್ಪ ಎರಡನೆಯ ಬ್ಯಾಟರಿ ಕೂರಿಸಿ ಒಂದು ಫ್ಯಾನು, ಒಂದು ದೀಪ ಕೊಟ್ಟ. ಮಾಡಿನ ಮೇಲೆ ಸೋಲಾರ್ ಹಲಗೆ ಬಿಗಿದ. ಅವನ ತಾಯಿ ರುಕ್ಮವ್ವ ಹಳೆಯ ಇಳಕಲ್ ಸೀರೆ ಹರಿದು ಕಿಟಕಿಗಳಿಗೆ ಪರದೆ ಹೊಲಿದಳು. ಚಾಲಕನ ತಲೆಯ ಮೇಲೆ ಪುಟ್ಟ ಮರದ ಗೂಡಿನಲ್ಲಿ ತೀರ್ಥಂಕರರ ಪಟ. ಬಾಗಿಲ ಹತ್ತಿರ ತಾಮ್ರದ ಕೊಡ, ಅದರ ಬಾಯಿಗೆ ನೀರು ಸೋಸುವ ಬಿಳಿ ಬಟ್ಟೆ. ಆ ಬಟ್ಟೆ ಒಂದು ದಿನವೂ ಕೊಳೆಯಾಗಿದ್ದನ್ನು ವಿರುಪಾಕ್ಷಪ್ಪ ಕಂಡಿಲ್ಲ.

ಸ್ನಾನಕ್ಕೆ ಬಸದಿಯ ಬಾವಿಯೋ ಡೇರಿಯ ನಲ್ಲಿಯೋ. ಮಧ್ಯಾಹ್ನ ಯಾವುದಾದರೂ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ ಸಣ್ಣ ಗ್ಯಾಸಿನ ಮೇಲೆ ಬೇಳೆ ಅನ್ನ. ಬೇಸಿಗೆಯಲ್ಲಿ ದೂಧಗಂಗಾ ದಂಡೆಗೆ ಹೋಗಿ ಮಲಗುತ್ತಿದ್ದ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಲಿಗಳ ಹಾಡಿನ ಗದ್ದಲ ತಪ್ಪಿಸಿಕೊಳ್ಳಲು ಅಥಣಿ ಕಡೆಯ ದ್ರಾಕ್ಷಿ ತೋಟ ಹಿಡಿಯುತ್ತಿದ್ದ. ಭಾನುವಾರ ವಿರುಪಾಕ್ಷಪ್ಪ ಅವನ ಜೊತೆ ಹೋಗುವುದಿತ್ತು. ಹಿಂದಿನ ಬಾಗಿಲೆತ್ತಿ ಕಾಲು ಇಳಿಬಿಟ್ಟು ಕೂತರೆ ಎದುರಿಗೆ ಹೊಳೆ, ನೀರು ಕುಡಿಯಲು ಇಳಿದ ಎಮ್ಮೆಗಳು. ಇಷ್ಟು ದೊಡ್ಡ ಪಡಸಾಲೆ ಯಾವ ಗೌಡನಿಗೂ ಇಲ್ಲ ಎಂದು ಜಯಪಾಲ ಕೊಚ್ಚಿಕೊಳ್ಳುತ್ತಿದ್ದ.

ಉಳಿದ ಬಾಡಿಗೆಯನ್ನೂ ಪಗಾರದ ಅರ್ಧವನ್ನೂ ತಿಂಗಳು ತಪ್ಪದೆ ಮ್ಯೂಚುವಲ್ ಫಂಡಿಗೆ ಕಟ್ಟುತ್ತಿದ್ದ. ಈ ಕಡೆಯ ಜನ ಹಣವಿಟ್ಟರೆ ಬಂಗಾರದಲ್ಲಿ ಇಡುತ್ತಾರೆ, ಪ್ಲಾಟಿನಲ್ಲಿ ಇಡುತ್ತಾರೆ, ಗುರುತಿನವರು ನಡೆಸುವ ಸೊಸೈಟಿಯಲ್ಲಿ ಇಡುತ್ತಾರೆ. ಫೋನಿನೊಳಗೆ ಇಡುತ್ತೇನೆ ಎಂದವನನ್ನು ನೋಡಿ ನಕ್ಕರು. ಕೆಲವರು ಜಿಪುಣ ಎಂದರು, ಕೆಲವರು ತಲೆ ಕೆಟ್ಟಿದೆ ಎಂದರು. ಯಾತಕ್ಕಾಗಿ ಕೂಡಿಡುತ್ತಿದ್ದಾನೆ ಎಂದು ಮಾತ್ರ ಯಾರೂ ಕೇಳಲಿಲ್ಲ. ವಿರುಪಾಕ್ಷಪ್ಪನೂ ಬಹಳ ದಿನ ಕೇಳಿರಲಿಲ್ಲ.

ಅದು ತಿಳಿದದ್ದು ರುಕ್ಮವ್ವನ ರೊಟ್ಟಿಯಿಂದ. ಏಕಸಂಬಿಯ ಸಂಜೆ ಡೇರಿ ಮುಗಿಸಿ ಜಯಪಾಲ ಅಂಗಡಿ ಮುಂದೆ ಗಾಡಿ ತಂದು ನಿಲ್ಲಿಸುವಷ್ಟರಲ್ಲಿ ಯಾವತ್ತೂ ಕತ್ತಲಾಗಿರುತ್ತಿತ್ತು. ರುಕ್ಮವ್ವ ಬಿಸಿರೊಟ್ಟಿ ಇಟ್ಟುಕೊಂಡು ಕರೆಯುವಳು. ಅವನು ಕೈಮುಗಿಯುವನು. ಜೈನರ ಪದ್ಧತಿಯಂತೆ, ಹೊತ್ತು ಮುಳುಗಿದ ಮೇಲೆ ಅವನ ಬಾಯಿಗೆ ಅನ್ನ ಹೋಗುತ್ತಿರಲಿಲ್ಲ.

"ಹೊತ್ತ ಮುಳುಗಿದ್ರ ಹೊಟ್ಟಿನೂ ಮುಳುಗತೈತೇನ ನಿಂದು?" ಎಂದು ರುಕ್ಮವ್ವ ಬೈದಳು.

"ಮುಂಜಾನಿಗೆ ಕೊಡ್ರಿ ಅವ್ವಾ. ತಂಗಳ ರೊಟ್ಟಿ ಮೊಸರಿಗೆ ಇನ್ನಷ್ಟು ಚಲೋ."

ಅವಳು ಒಳಗೆ ಹೋದ ಮೇಲೆ ವಿರುಪಾಕ್ಷಪ್ಪ ಕೇಳಿದ: "ಇದೇನಲೇ, ದಿನಾ ಒಂದೇ ಹೊತ್ತ ಉಂಡು? ಡೇರಿಗೆ ಹೋಗೂದಕ್ಕಿಂತ ಮೊದಲ ನಾಕ ಗಂಟೇಕ ಒಂದಿಷ್ಟ ತಿಂದರ ಆಗೂದಿಲ್ಲೇನ?"

"ತಿಂತೀನಿ ಒಮ್ಮೊಮ್ಮೆ, ನಿಂತ ನಿಂತ, ಕುಣಿಗೆ ಮಣ್ಣ ಹಾಕಿದಂಗ. ಅದು ಊಟಲ್ಲಲೇ."

ಆಮೇಲೆ ಅವನು, ಈಗ ಬೇರೆಯವರ ಕೈಸೇರಿದ ಬೇಡಕಿಹಾಳದ ಮನೆಯ ಸಂಜೆ ಹೇಳಿದ. ತಾಯಿ ಐದು ಗಂಟೆಗೇ ಒಲೆ ಮುಗಿಸುತ್ತಿದ್ದಳು. ತಂದೆ ಕಬ್ಬಿನ ಹೊಲದಿಂದ ಬಂದು ಕೈಕಾಲು ತೊಳೆಯುವುದೇ ತಡ, ಮುಂಭಾಗದ ಕಟ್ಟೆಯ ಮೇಲೆ ಎಲ್ಲರ ತಾಟೂ ಬರುತ್ತಿದ್ದವು. ಓಣಿಯಲ್ಲಿ ಎದುರುಬದುರು ಮನೆಗಳವರೆಲ್ಲ ಅದೇ ಹೊತ್ತಿಗೆ ಕಟ್ಟೆಗೆ ಬಂದು ಉಣ್ಣುವರು. ಇವರ ಚಟ್ನಿ ಅವರ ತಾಟಿಗೆ, ಅವರ ಮಡಕಿಕಾಳಿನ ಪಲ್ಯ ಇವರ ತಾಟಿಗೆ. ಮುಳುಗುವ ಸೂರ್ಯ ನೇರ ಮುಖದ ಮೇಲೆ. ಯಾರಿಗೆ ಸಿಟ್ಟು, ಯಾರು ಅತ್ತಿದ್ದಾರೆ, ಯಾರಿಗೆ ಇನ್ನೊಂದು ರೊಟ್ಟಿ ಬೇಕು ಎನ್ನುವುದೆಲ್ಲ ಕಾಣುತ್ತಿತ್ತು.

"ಉಣ್ಣೋರ ಮಾರಿ ಕಾಣಬೇಕಲೇ," ಎಂದ ಜಯಪಾಲ. "ನನ್ನ ಸಂಜಿ ಕಂಪನಿ ಕೊಂಡೈತಿ. ನಾ ಅದನ್ನ ತಿರುಗಿ ಕೊಳ್ಳಾಕತ್ತೀನಿ. ಸಂಜಿ ಪಾಳಿಗೆ ಕಂಪನಿ ಎಷ್ಟ ಕೊಡತೈತಿ, ಅಷ್ಟನ್ನ ನನ್ನ ರೊಕ್ಕಾನ ದುಡಕೊಂಡ ಬರಬೇಕು. ಅವತ್ತ ಸಂಜಿ ಕೆಲಸ ಬಿಡ್ತೀನಿ. ಕಟ್ಟಿ ಮ್ಯಾಲೆ ಕುಂತು ಉಣ್ತೀನಿ."

"ಅಷ್ಟಕ್ಕೇನ ಇದೆಲ್ಲಾ?"

"ಅಷ್ಟಕ್ಕ."

ವಿರುಪಾಕ್ಷಪ್ಪನಿಗೆ ಅವತ್ತು ಅದು ತೀರ ಸಣ್ಣ ಆಸೆಯೆನಿಸಿತು. ತನ್ನ ಮನೆಯಲ್ಲಿ ತಾನು ಟಿವಿ ನೋಡುತ್ತ, ಏನು ಉಂಡೆನೆಂದು ತಿಳಿಯದೆ ಏಳುವವನು ಅವನು.

ನಾಲ್ಕು ವರ್ಷ ಹೀಗೆ ಕಳೆಯಿತು. ಕುಸುಮತ್ತೆ ಸುಮ್ಮನಿರಲಿಲ್ಲ. ಶೇಡಬಾಳದ ಪಾರಿಸ ಪಾಟೀಲರ ಮಗಳು ತ್ರಿಶಲಾಳ ಪ್ರಸ್ತಾಪ ತಂದಳು. ಪಾಟೀಲರದು ದ್ರಾಕ್ಷಿ ತೋಟ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಅಲ್ಲೇ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಹುಡುಗ ಹುಡುಗಿ ಬಸದಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ಬೇಡ ಎನ್ನುವ ಮಾತಿರಲಿಲ್ಲ. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡಲು ಬರುವುದು.

ಸುದ್ದಿ ಕೇಳಿದ ವಿರುಪಾಕ್ಷಪ್ಪ ಅಂಗಡಿ ಮೇಲಿನ ಮಾಳಿಗೆ ಗುಡಿಸಿ, ಕುರ್ಚಿ ಹಾಕಿಸಿದ. "ಒಂದ ದಿನದ ಮಟ್ಟಿಗೆ ಇದ ನಿನ್ನ ಮನಿ. ನಾ ಭಾವ ಅಂತ ಚಹಾ ಕೊಡ್ತೀನಿ."

"ಸುಳ್ಳ ಮನಿ ತೋರಿಸಿ ಖರೇ ಹುಡುಗಿ ಕೇಳಲೇನ?"

"ಹಂಗಾರ ಏನ ತೋರಸ್ತಿ?"

"ಅವರ್ಯಾಕ ತ್ರಾಸ ತಗೊಂಡ ಬರಬೇಕು? ನಮ್ಮ ಮನಿಗೆ ಗಾಲಿ ಅದಾವಲ್ಲ."

ತೊಳೆದು ಒರೆಸಿದ ಓಮ್ನಿ ದೀಪಾವಳಿಯ ನಂತರದ ಒಂದು ಮುಂಜಾನೆ ಶೇಡಬಾಳದಲ್ಲಿ ಪಾಟೀಲರ ಬಾಗಿಲ ಮುಂದೆ ನಿಂತಿತು. ಪಕ್ಕದಲ್ಲಿ ಕೂತಿದ್ದ ವಿರುಪಾಕ್ಷಪ್ಪನಿಗೆ ಇಳಿಯಲು ಧೈರ್ಯವಾಗಲಿಲ್ಲ. ಜಯಪಾಲ ಇಳಿದು ಎರಡೂ ಬಾಗಿಲು ತೆರೆದು, ಪರದೆ ಸರಿಸಿ ನಿಂತ.

"ಮನಿ ತಂದೀನ್ರಿ ಕಾಕಾರ. ನೋಡ್ರಿ."

ಪಾಟೀಲರು ಮೊದಲು ನಕ್ಕರು. ಚೇಷ್ಟೆಯಲ್ಲ ಎಂದು ತಿಳಿದಾಗ ಮುಖ ಬಿಗಿಯಿತು. ಸುತ್ತು ಹಾಕಿ ನೋಡಿದರು. ಹಾಸಿಗೆ ಒತ್ತಿ ನೋಡಿದರು. ನಾಲ್ಕು ಮನೆಗಳ ಕಟ್ಟೆಯ ಮೇಲೆ ಆಗಲೇ ಜನ ಬಂದು ನಿಂತಿದ್ದರು.

"ತಮ್ಮಾ, ನನ್ನ ಟ್ರ್ಯಾಕ್ಟರ್ ಸೈತ ಶೆಡ್ಡಿನಾಗ ನಿಂದರತೈತಿ," ಎಂದರು. "ಮಗಳನ್ನ ಬಯಲಾಗ ನಿಲ್ಲಸ್ಲೇನ?"

"ರೊಕ್ಕ ಅದಾವ್ರಿ ಕಾಕಾರ. ಬಾಡಿಗಿ ಮನಿ ಅಷ್ಟ ಬ್ಯಾಡ. ನಿಯಮ ಐತಿ." ಮಹಾರಾಜರ ಮುಂದೆ ನಡೆದದ್ದನ್ನು ಜಯಪಾಲ ಹೇಳಿದ, ಮುದ್ದತು ಹೇಳಲು ಮರೆತದ್ದನ್ನೂ.

"ಅಂದ್ರ ಜೀವನಪರ್ಯಂತ ಇದ ಗಾಡಿ?"

ತ್ರಿಶಲಾ ಅಷ್ಟರಲ್ಲಿ ಹೊರಗೆ ಬಂದಿದ್ದಳು. ತಂದೆಯ ಪಕ್ಕದಿಂದ ಬಗ್ಗಿ ಒಳಗೆ ನೋಡಿದಳು. ಕೊಡದ ಬಾಯಿಗಿದ್ದ ಬಟ್ಟೆ ನೋಡಿದಳು, ತೊಳೆದಿಟ್ಟ ಒಂದೇ ತಾಟು ನೋಡಿದಳು.

"ಸಂಜೀಕ ಎಲ್ಲಿ ಉಣ್ತೀರಿ?" ಎಂದು ಕೇಳಿದಳು.

"ಉಣ್ಣೂದಿಲ್ರಿ. ಡೇರಿ ಮುಗಿಯೂದರಾಗ ಹೊತ್ತ ಮುಳುಗತೈತಿ."

"ಎಷ್ಟ ವರ್ಷ ಆತು?"

"ಕೆಲಸಕ್ಕ ಸೇರಿದಾಗಿಂದ."

ಅವಳು ತಾಟಿನಿಂದ ಕಣ್ಣು ತೆಗೆದು ಅವನನ್ನು ನೋಡಿದಳು. "ಮಹಾರಾಜರ ಮುಂದ ಮುದ್ದತ ಹೇಳಲಿಲ್ಲ. ನನ್ನ ಮುಂದ ಹೇಳ್ರಿ. ಸಂಜಿ ಊಟ ನಿಮ್ಮ ಸ್ವಂತ ಮನ್ಯಾಗ ಯಾವಾಗ ಆಗತೈತಿ?"

"ಐದ ದ್ರಾಕ್ಷಿ ಹಂಗಾಮ ಕೊಡ್ರಿ."

"ಮೂರು," ಎಂದಳು ತ್ರಿಶಲಾ. ದಲಾಲರ ಜೊತೆ ಮಾತಾಡಿ ಬೆಳೆದ ಮನೆಯ ಹುಡುಗಿ.

ಪಾಟೀಲರು ಮಗಳ ಮುಖ ನೋಡಿ, ಅಲ್ಲಿ ಏನು ಕಂಡರೋ, ಕೊನೆಗೆ ಬೆರಳು ಎತ್ತಿ ಹೇಳಿದರು: "ಮೂರನೇ ಹಂಗಾಮಿನ ಮಾಲ ಇಳಿಯೂತನಕ ಕಾಯ್ತೀನಿ. ಅಷ್ಟರಾಗ ಸ್ವಂತ ಮನಿ, ಸಂಜೀಕ ಮನ್ಯಾಗ ಇರೂ ಗಂಡ, ಎರಡೂ ಬೇಕು. ಇಲ್ಲಂದ್ರ ನನ್ನ ಮಗಳನ್ನ ಬ್ಯಾರೆ ಕಡೆ ಕೊಡ್ತೀನಿ. ಆಮ್ಯಾಲೆ ಸಿಟ್ಟಾಗಬ್ಯಾಡ."

ಮರಳಿ ಬರುವಾಗ ಜಯಪಾಲ ಉಗಾರದ ತನಕ ಗಾಡಿ ನಿಧಾನಕ್ಕೆ ನಡೆಸಿದ. ಆಮೇಲೆ, "ಹುಡುಗಿ ಲೆಕ್ಕದಾಗ ಹುಶಾರ ಅದಾಳ," ಎಂದ. ಅವನಿಗೆ ಬಂದಿದ್ದ ಹೆದರಿಕೆ ಆ ದನಿಯಲ್ಲಿತ್ತು.

ಮೊದಲ ಹಂಗಾಮು ನೆಟ್ಟಗೆ ಕಳೆಯಿತು. ಎರಡನೆಯ ಹಂಗಾಮಿನಲ್ಲಿ, ದ್ರಾಕ್ಷಿ ಕೊಯ್ಯುವ ಹೊತ್ತಿಗೆ ಸರಿಯಾಗಿ ಕೊರೊನಾ ಬಂತು, ಲಾಕ್‌ಡೌನ್ ಬಂತು. ಮಹಾರಾಷ್ಟ್ರದ ಗಡಿಗೆ ಮುಳ್ಳುಕಂಟಿ ಎಳೆದರು. ಹಾಲು ನಿಲ್ಲುವಂತಿಲ್ಲವಾದ್ದರಿಂದ ಜಯಪಾಲನ ಗಾಡಿಗೆ ಪಾಸು ಸಿಕ್ಕಿತು. ಕಾಗವಾಡದ ನಾಕಾದಲ್ಲಿ ಒಬ್ಬ ಹೊಸ ಪೊಲೀಸು ಲಾಠಿಯಿಂದ ಬಾನೆಟ್ಟು ತಟ್ಟಿ, ಮನೆಯೊಳಗೆ ಇರಬೇಕೆಂದು ಗೊತ್ತಿಲ್ಲವೇ ಎಂದು ಕೇಳಿದನಂತೆ. "ಮನ್ಯಾಗ ಅದೀನ್ರಿ ಸಾಹೇಬ್ರ," ಎಂದು ಇವನು ಪರದೆ ಸರಿಸಿ ತೋರಿಸಿದನಂತೆ. ಈ ಕತೆಯನ್ನು ಜಯಪಾಲ ಎಷ್ಟು ಸಲ ಹೇಳಿದರೂ ವಿರುಪಾಕ್ಷಪ್ಪ ಅಷ್ಟೂ ಸಲ ನಕ್ಕಿದ್ದಾನೆ.

ನಗುವಂಥದ್ದು ಬೇರೇನೂ ಇರಲಿಲ್ಲ. ಶೇರು ಪೇಟೆ ಕುಸಿದು, ಆರು ವರ್ಷ ಹೊಟ್ಟೆ ಕಟ್ಟಿ ಕೂಡಿಸಿದ್ದು ಫೋನಿನಲ್ಲಿ ದಿನದಿನಕ್ಕೆ ಕರಗತೊಡಗಿತು. ವಿರುಪಾಕ್ಷಪ್ಪನಿಗೆ ನಿದ್ದೆ ಬರಲಿಲ್ಲ.

"ಉಳಿದಿದ್ದನ್ನರ ತಗೀಲೇ," ಎಂದು ಫೋನಿನಲ್ಲಿ ಬೇಡಿಕೊಂಡ. "ನಮ್ಮ ಓಣಿ ಹಿಂದ ಒಂದ ಪ್ಲಾಟ ಮಾರಾಕ ಬಂದೈತಿ. ಮುಂದಿನ ವರ್ಷ ಪಾಟೀಲರಿಗೆ ಏನ ತೋರಸ್ತಿ?"

"ಪ್ಲಾಟ ತಗೊಂಡರ ಸಂಜಿ ಹೋಗತೈತಿ. ಎರಡೂ ಬೇಕಂದಾರ."

"ಎರಡೂ ಹೋದರ?"

ಆ ಕಡೆಯಿಂದ ನೀರೆತ್ತುವ ಪಂಪಿನ ಸದ್ದು ಮಾತ್ರ ಕೇಳಿತು. ಜಯಪಾಲ ಆ ವಾರ ಪಾಟೀಲರ ತೋಟದಲ್ಲೇ ಗಾಡಿ ನಿಲ್ಲಿಸಿಕೊಂಡಿದ್ದ.

ಪಾಟೀಲರ ದ್ರಾಕ್ಷಿಗೆ ಗಿರಾಕಿಯಿರಲಿಲ್ಲ. ಲಾರಿ ಬರುವಂತಿಲ್ಲ, ಪೇಟೆ ತೆರೆಯುವಂತಿಲ್ಲ, ಹಣ್ಣು ಬಳ್ಳಿಯಲ್ಲೇ ಮೆತ್ತಗಾಗುತ್ತಿತ್ತು. ಒಬ್ಬ ದಲಾಲ ಫೋನು ಮಾಡಿ, ಕೊಯ್ಯುವ ಕೂಲಿಯೂ ಹುಟ್ಟದ ದರ ಹೇಳಿದ್ದ. ತಿನ್ನುವ ದ್ರಾಕ್ಷಿಯನ್ನೇ ಮಾರುತ್ತ ಬಂದ ಪಾಟೀಲರು ಮೊದಲ ಸಲ ಒಣದ್ರಾಕ್ಷಿ ಮಾಡುವುದೆಂದು ತೀರ್ಮಾನಿಸಿದರು. ಅದಕ್ಕೆ ಹಣ್ಣು ಅದ್ದುವ ಎಣ್ಣೆ ಬೇಕು, ಒಣಗಿಸಲು ಜಾಲರಿಯ ಅಟ್ಟ ಬೇಕು. ತ್ರಿಶಲಾ ಜಯಪಾಲನಿಗೆ ಫೋನು ಮಾಡಿದಳು. ಅವನು ಹಾಲಿನ ಓಡಾಟದ ನಡುವೆ ಅಥಣಿಯಿಂದ ಎಣ್ಣೆಯ ಡಬ್ಬ ತಂದುಕೊಟ್ಟ, ಹಗಲೆಲ್ಲ ಅಟ್ಟ ಬಿಗಿದ, ಗೊನೆ ಅದ್ದಿದ. ಸಂಜೆಯಾದೊಡನೆ ಡೇರಿಗೆ ಓಡಿದ. ಕತ್ತಲಾದ ಮೇಲೆ ಬಂದು ನೀರೂ ಮುಟ್ಟದೆ ಗಾಡಿಯಲ್ಲಿ ಮಲಗಿದ. ಪಾಟೀಲರು ಅದನ್ನು ದಿನವೂ ನೋಡುತ್ತಿದ್ದರು. ಅವರೂ ರಾತ್ರಿ ಉಣ್ಣದವರೇ, ಆದರೆ ಅವರ ಸಂಜೆಯ ತಾಟು ತಪ್ಪಿದ್ದಿಲ್ಲ.

ಒಂದು ಮಧ್ಯಾಹ್ನ ಅಟ್ಟದ ಮೇಲೆ ಒಣಗುತ್ತಿದ್ದ ಹಣ್ಣು ತಿರುವುತ್ತ ಅವರು ಕೇಳಿದರು: "ನಿನ್ನ ರೊಕ್ಕ ಅರ್ಧಕ್ಕ ಬಂದಾವ ಅಂತ ಕೇಳಿದೆ. ಖರೇನ?"

"ಖರೇರಿ."

"ತಗದಿ?"

"ಇಲ್ರಿ. ಇನ್ನಷ್ಟ ಹಾಕೀನಿ."

ಪಾಟೀಲರು ಒಂದು ಹಿಡಿ ತೆಗೆದು ಹಿಚುಕಿ ನೋಡಿದರು. ಇನ್ನೂ ರಸವಿತ್ತು. ಮತ್ತೆ ಹರವಿದರು.

"ಇವತ್ತ ಯಾರೂ ಕೇಳೂದಿಲ್ಲಂತ ನಾ ದ್ರಾಕ್ಷಿ ಒಣಸಾಕತ್ತೀನಿ," ಎಂದರು. "ನೀ ರೊಕ್ಕಾ ಒಣಸಾಕತ್ತಿ. ಹೂಂ. ಇಬ್ಬರೂ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟ ಕಾಯೂನು."

ಮಗಳ ಗಂಡನಾಗುವವನ ಮೇಲೆ ಅವರಿಗೆ ನಂಬಿಕೆ ಹುಟ್ಟಿದ್ದು ಅಲ್ಲಿ. ಮುದ್ದತನ್ನು ಮಾತ್ರ ಸಡಿಲಿಸಲಿಲ್ಲ.

ಒಣದ್ರಾಕ್ಷಿಗೆ ದೀಪಾವಳಿಗೆ ಒಳ್ಳೆಯ ದರ ಬಂತು. ಶೇರು ಪೇಟೆಯೂ ಮೇಲೆದ್ದಿತು, ಬಿದ್ದಾಗ ಹಾಕಿದ್ದು ಎರಡರಷ್ಟಾಯಿತು. ಮೂರನೆಯ ಹಂಗಾಮಿನ ಮಾಲು ಇಳಿಯಲು ಇನ್ನೂ ತಿಂಗಳಿರುವಾಗ ಜಯಪಾಲ ಶೇಡಬಾಳದಲ್ಲೇ ಎರಡು ಕೋಣೆಯ ಹಳೆಯ ಮನೆಯೊಂದನ್ನು ಕೊಂಡ. ಗೋಡೆಗೆ ಸುಣ್ಣವಿರಲಿಲ್ಲ, ಅಡುಗೆಮನೆ ಸೋರುತ್ತಿತ್ತು. ಮುಂಭಾಗಕ್ಕೆ ಪಶ್ಚಿಮದ ಕಡೆ ಕರಿಕಲ್ಲಿನ ಅಗಲ ಕಟ್ಟೆಯಿತ್ತು. ಅವನು ಕಟ್ಟೆ ನೋಡಿ ಮನೆ ಕೊಂಡಿದ್ದ. ಉಳಿದ ಹಣ ಸಂಜೆ ಪಾಳಿಯ ಪಗಾರವನ್ನು ದುಡಿದುಕೊಡುವಷ್ಟಿತ್ತು. ಕಂಪನಿಗೆ ಇನ್ನು ಮುಂಜಾನೆ ಮಾತ್ರ ಬರುತ್ತೇನೆಂದು ಹೇಳಿದ. ಮದುವೆಗೆ ಸರಕಾರ ಬಿಟ್ಟಷ್ಟೇ ಜನ. ಅವತ್ತಿನ ಊಟ ಹೊತ್ತಿರುವಾಗಲೇ ಮುಗಿಯಿತು, ಮತ್ತು ಮದುಮಗ ಮೂರು ಸಲ ನೀಡಿಸಿಕೊಂಡ.

ಅಲ್ಲಿಂದ ಮೂರು ವರ್ಷ. ವಿರುಪಾಕ್ಷಪ್ಪ ಹದಿನೈದು ದಿನಕ್ಕೊಮ್ಮೆ ಅಂಗಡಿ ಬೇಗ ಮುಚ್ಚಿ ಶೇಡಬಾಳಕ್ಕೆ ಹೋಗುತ್ತಿದ್ದ. ಐದೂವರೆಗೆ ಕಟ್ಟೆಯ ಮೇಲೆ ತಾಟು. ಮೊದಮೊದಲು ಅವನಿಗೆ ಆ ಹೊತ್ತಿಗೆ ಹಸಿವೇ ಆಗುತ್ತಿರಲಿಲ್ಲ. ಆಮೇಲೆ ಮಧ್ಯಾಹ್ನ ಕಡಿಮೆ ಉಂಡು ಹೋಗತೊಡಗಿದ. ಜಯಪಾಲ ನಿಧಾನಕ್ಕೆ ಉಣ್ಣುವನು. ಒಂದು ರೊಟ್ಟಿ ಮುರಿದು, ದಾರಿಯಲ್ಲಿ ಹೋಗುವವರ ಜೊತೆ ಮಾತಾಡಿ, ಮತ್ತೊಂದು ಮುರಿಯುವನು. ತ್ರಿಶಲಾ ಶಾಲೆಯ ಹುಡುಗರ ಉತ್ತರಗಳನ್ನು ಹೇಳಿ ನಗಿಸುವಳು. ಬಿಸಿಲು ಅವರಿಬ್ಬರ ಮುಖದ ಮೇಲೆ ಬೀಳುತ್ತಿತ್ತು. ವಿರುಪಾಕ್ಷಪ್ಪನಿಗೆ ಈಗಲೂ ಗೆಳೆಯನ ಮುಖ ಆ ಬೆಳಕಿನಲ್ಲೇ ಕಾಣುತ್ತದೆ. ಬೇರೆ ಬೆಳಕಿನದು ನೆನಪಿಗೆ ಬರುವುದಿಲ್ಲ.

ಕಳೆದ ಮಾಘದ ಒಂದು ಮುಂಜಾನೆ, ರಾಯಬಾಗದ ಕಡೆಯ ಒಂದು ಡೇರಿಯಲ್ಲಿ ಯಂತ್ರದ ಮುಂದೆ ಕೂತಿದ್ದ ಜಯಪಾಲ ಹಾಗೇ ಒರಗಿದ. ಆಸ್ಪತ್ರೆಗೆ ಒಯ್ಯುವ ಮೊದಲೇ ಜೀವ ಹೋಗಿತ್ತು. ಗಾಡಿಯನ್ನು ಶೇಡಬಾಳಕ್ಕೆ ನಡೆಸಿಕೊಂಡು ಬಂದವನು ವಿರುಪಾಕ್ಷಪ್ಪ.

ದುಃಖಕ್ಕಿಂತ ಹೆಚ್ಚಾಗಿ ಅವನಿಗೆ ಬಂದದ್ದು ಸಿಟ್ಟು. ಅಂತ್ಯಕ್ರಿಯೆಗೆ ಬಂದವರು ಹೇಳುತ್ತಿದ್ದರು: ಏಳು ವರ್ಷ ಹೊಟ್ಟೆ ಕಟ್ಟಿ ಮೂರು ವರ್ಷ ಉಂಡ, ಯಾವ ಲೆಕ್ಕ ಇದು. ಅದೇ ಲೆಕ್ಕ ಅವನ ತಲೆಯೊಳಗೂ ಸುತ್ತುತ್ತಿತ್ತು. ತಾಯಿಯ ಬಿಸಿರೊಟ್ಟಿಗೆ ಕೈಮುಗಿದ ಅಷ್ಟೂ ಸಂಜೆಗಳು ಕಣ್ಣ ಮುಂದೆ ಬರುತ್ತಿದ್ದವು. ನಾನಾದರೂ ಗದರಿಸಿ ಉಣ್ಣಿಸಬೇಕಿತ್ತು ಎಂದುಕೊಳ್ಳುವನು. ಗದರಿಸಿದರೂ ಅವನು ಉಣ್ಣುತ್ತಿರಲಿಲ್ಲ ಎಂದೂ ಗೊತ್ತಿತ್ತು.

ಎರಡು ತಿಂಗಳು ಅವನು ಶೇಡಬಾಳದ ಕಡೆ ಹೋಗಲಿಲ್ಲ. ಕೊನೆಗೆ ರುಕ್ಮವ್ವ ಶೇಂಗಾ ಹೋಳಿಗೆಯ ಡಬ್ಬಿ ಕೈಗಿಟ್ಟು, "ಆ ಹೆಣ್ಮಗಳು ಬದುಕ್ಯಾಳೋ ಇಲ್ಲೋ ನೋಡಿ ಬಾ," ಎಂದು ದಬ್ಬಿದಳು.

ಹೋದಾಗ ಹೊತ್ತು ಇಳಿಯುತ್ತಿತ್ತು. ಬಾಗಿಲಲ್ಲಿ ಪಾಟೀಲರು ನಿಂತಿದ್ದರು. ತ್ರಿಶಲಾ ಕಟ್ಟೆ ಒರೆಸಿ ತಾಟು ಇಡುತ್ತಿದ್ದಳು. ಇವನನ್ನು ನೋಡಿ, "ಬರ್ರಿ ಅಣ್ಣಾ, ಕೈಕಾಲ ತೊಳಕೋರಿ," ಎಂದಳು, ನಿನ್ನೆ ತಾನೇ ಬಂದು ಹೋದವನಿಗೆ ಹೇಳುವಂತೆ.

"ನೀನರ ಹೇಳಪಾ," ಎಂದರು ಪಾಟೀಲರು. ಈ ಎರಡು ತಿಂಗಳಲ್ಲಿ ಅವರು ಬಹಳ ಬಗ್ಗಿದ್ದರು. "ಗಂಡ ಹೋದ ಹೆಣ್ಮಗಳು ಓಣಿ ಎದುರಿಗೆ ಕುಂತ ಉಂಡರ ಮಂದಿ ಆಡಕೋತಾರ. ಒಳಗ ಉಣ್ಣಬೇ ಅಂದ್ರ ಕೇಳವಲ್ಲಳು. ಶಾಲಿಯವರು ಸಂಜಿ ಟ್ಯೂಶನ್ ತಗೋ, ಮನಸ್ಸರ ಹಗರಾಗತೈತಿ ಅಂದ್ರು. ಅದನ್ನೂ ಒಲ್ಲೆ ಅಂದಾಳ."

"ಮಂದಿ ನೋಡ್ಲಿ ಬಿಡಪ್ಪಾ," ಎಂದಳು ತ್ರಿಶಲಾ. ದನಿ ಏರಿಸಲಿಲ್ಲ, ರೊಟ್ಟಿಯ ಬುಟ್ಟಿ ತರುತ್ತಲೇ ಹೇಳಿದಳು. "ಈ ಹೊತ್ತಿಗೆ ಅವರು ಏಳ ವರ್ಷ ರೊಕ್ಕ ತುಂಬ್ಯಾರ. ಕೊಂಡಿದ್ದನ್ನ ಖಾಲಿ ಬಿಡ್ಲೇನ? ಟ್ಯೂಶನ್ನಿಗೆ ಮಾರ್ಲೇನ?"

ಪಾಟೀಲರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಓಣಿಯಲ್ಲಿ ಇಬ್ಬರು ಹೆಂಗಸರು ನಡಿಗೆ ನಿಧಾನ ಮಾಡಿ ನೋಡಿಕೊಂಡು ಹೋದರು. ತ್ರಿಶಲಾ ಅವರಿಗೆ ತಲೆಯಾಡಿಸಿದಳು, ಅವರೂ ಆಡಿಸಿದರು. ಅವಳು ಕೂತಳು. ವಿರುಪಾಕ್ಷಪ್ಪ ಕೈ ತೊಳೆದು ಬಂದು ಎದುರಿಗೆ ಕೂತ. ರೊಟ್ಟಿ ಮುರಿಯುವಾಗ ಅವನ ಕಣ್ಣು ತುಂಬಿತು. ಅವಳು ನೋಡಿದಳು, ಆ ಬೆಳಕಿನಲ್ಲಿ ಏನನ್ನೂ ಮುಚ್ಚಿಡುವಂತಿರಲಿಲ್ಲ. ಅವಳ ಕಣ್ಣೂ ತುಂಬಿದ್ದು ಅವನಿಗೆ ಕಂಡಿತು. ಇಬ್ಬರೂ ಉಂಡರು.

ಸ್ವಲ್ಪ ಹೊತ್ತಿಗೆ ಪಾಟೀಲರು ಒಳಗೆ ಹೋದರು. ತಾಟಿನ ಸದ್ದಾಯಿತು. ತಮ್ಮ ತಾಟು ತಾವೇ ಹಿಡಿದುಕೊಂಡು ಬಂದು, ಮೊಣಕಾಲು ಹಿಡಿದು ಬಹಳ ತಡಮಾಡಿ ಕಟ್ಟೆಯ ಮೇಲೆ ಕೂತರು.

"ಚಟ್ನಿ ಹಾಕಬೇ," ಎಂದರು ಮಗಳಿಗೆ. ಆಮೇಲೆ ವಿರುಪಾಕ್ಷಪ್ಪನ ಕಡೆ ತಿರುಗಿ, ಟ್ರ್ಯಾಕ್ಟರಿನ ಬ್ಯಾಟರಿ ಮುಂಜಾನೆ ಎತ್ತುವುದಿಲ್ಲವೆಂದೂ, ಹೊಸದು ಹಾಕಬೇಕೋ ಇದಕ್ಕೇ ನೀರು ಹಾಕಿದರೆ ಸಾಕೋ ಎಂದೂ ಕೇಳಿದರು. ವಿರುಪಾಕ್ಷಪ್ಪ ಅದು ಎಷ್ಟು ವರ್ಷದ್ದು ಎಂದು ವಿಚಾರಿಸಿದ. ಮೂವರೂ ಉಣ್ಣುತ್ತಿದ್ದರು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಬಾಕಿಯಿತ್ತು.